ಮರಳು ನೆಲದ ಕೊಳವೆಬಾವಿಗೆ ಬೆಂಟೋನೈಟ್ ಮಡ್ ತಯಾರಿಸುವುದು ಹೇಗೆ? ಹೊಂಡ ತೋಡುವುದರಿಂದ ಹೊಂಡ ಮುಚ್ಚುವವರೆಗೆ

ನಮ್ಮ ಬಯಲುಸೀಮೆಯಲ್ಲಿ ಬೋರ್ ಕೊರೆಸುವುದೆಂದರೆ ಕಂಪ್ರೆಸರ್ ಅಬ್ಬರ, ಹ್ಯಾಮರ್ ಸದ್ದು, ನೋಡಲು ಬಂದವರ ತಲೆ ಮೇಲೆಲ್ಲ ಕಲ್ಲುಪುಡಿ. ಮೇಲುಮಣ್ಣು ಕಳೆದು ಕಲ್ಲು ಸಿಕ್ಕಿತೆಂದರೆ ಅಲ್ಲಿಗೆ ಕೇಸಿಂಗ್ ನಿಲ್ಲುತ್ತದೆ. ಕೆಳಗಿನ ಗ್ರಾನೈಟ್, ನೈಸ್ ಶಿಲೆಗೆ ಆಸರೆ ಬೇಕಿಲ್ಲ, ಕೊರೆದ ತೂತು ಕೊರೆದ ಹಾಗೇ ಇರುತ್ತದೆ. ಈ ಬರಹ ಅಂಥ ಬಾವಿಗಳ ಬಗ್ಗೆ ಅಲ್ಲ.

ಮರಳು, ಜಲ್ಲಿ, ಮೆತ್ತನೆ ಜೇಡಿ ಪದರ ಪದರವಾಗಿ ಕೂತಿರುವ ನೆಲದಲ್ಲಿ ಹ್ಯಾಮರ್‌ನ ಆಟ ನಡೆಯುವುದಿಲ್ಲ. ಗಾಳಿ ಊದಿದಷ್ಟೂ ಪಕ್ಕದ ಮರಳು ಒಳಗೆ ಜಾರುತ್ತದೆ. ಕೊಡಗಿನಿಂದ ಹೊರಟ ಕಾವೇರಿ ಸಾವಿರಾರು ವರ್ಷ ಹೊತ್ತೊಯ್ದು ಹರವಿದ ತಂಜಾವೂರಿನ ಮುಖಜ ಭೂಮಿ ಅಂಥದ್ದು. ಗಂಗಾ ಬಯಲೂ ಅಂಥದ್ದೇ. ನಮ್ಮ ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಕಡೆಯ ಮರಳಿನ ಪಟ್ಟಿ ಅಷ್ಟು ಆಳವಿಲ್ಲದಿದ್ದರೂ ಗುಣ ಅದೇ. ಮುರಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣೂ ನೀರು ತಗುಲಿದರೆ ಕುಸಿಯುವ ಜಾತಿ. ಇಂಥಲ್ಲಿ ರಾಡ್ ತುದಿಯ ಬಿಟ್ ತಿರುಗಿಸಿ ಕೊರೆಯುವ ರೋಟರಿ ರಿಗ್ ಬೇಕು, ರಿಗ್‌ಗೆ ಮಡ್ ಬೇಕು. ಮಡ್ ಎಂದರೆ ಬೆಂಟೋನೈಟ್ ಎಂಬ ಉಬ್ಬುವ ಜೇಡಿಪುಡಿಯನ್ನು ನೀರಿಗೆ ಕಲಸಿದ ದ್ರವ, ಪಂಪ್‌ನಿಂದ ರಾಡ್‌ನೊಳಗೆ ಇಳಿದು ತೂತಿನಲ್ಲಿ ಮೇಲೆ ಬರುತ್ತದೆ. ಮಡ್ ಕಲಸಲು ಬೆಂಟೋನೈಟ್ ಎಷ್ಟು ಚೀಲ ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀರು ಯಾವುದು, ಎಷ್ಟು ಹೊತ್ತು ನೆನೆಸಬೇಕು ಎಂದು ಕೇಳುವವರು ಕಡಿಮೆ. ಸೈಟ್‌ನಲ್ಲಿ ಮಡ್ ಕೆಡುವುದು ಬಹುಪಾಲು ಈ ಎರಡರಿಂದಲೇ.

ಉದಾಹರಣೆಗೆ 60 ಮೀಟರ್ ಆಳ, 300 ಮಿ.ಮೀ. ಅಗಲದ ತೂತು, ಒಳಗೆ 150 ಮಿ.ಮೀ. ಕೇಸಿಂಗ್, ಸುತ್ತ ಜಲ್ಲಿ ತುಂಬುವ ಬಾವಿಯೊಂದನ್ನು ಇಟ್ಟುಕೊಳ್ಳೋಣ. ಕೆಳಗಿನ ಲೆಕ್ಕಗಳೆಲ್ಲ ಇದಕ್ಕೇ.

ಮಡ್ ಮಾಡುವ ಕೆಲಸ

ಬಿಟ್ ತಣ್ಣಗಿಡುವುದು, ಕೊರೆದ ಪುಡಿಯನ್ನು ಮೇಲಕ್ಕೆ ತರುವುದು, ಪಂಪ್ ನಿಂತಾಗ ಆ ಪುಡಿ ತಳಕ್ಕೆ ಇಳಿಯದಂತೆ ಹಿಡಿದಿಡುವುದು. ಇಷ್ಟು ಎಲ್ಲರಿಗೂ ಗೊತ್ತು. ಮುಖ್ಯವಾದದ್ದು ನಾಲ್ಕನೆಯದು, ಗೋಡೆ ನಿಲ್ಲಿಸುವುದು. ಮಡ್ ಗಟ್ಟಿಯಾಗಿರುವುದರಿಂದ ಗೋಡೆ ನಿಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ. ಗೋಡೆ ನಿಲ್ಲುವುದು ಒತ್ತಡದಿಂದ.

ಅಂತರ್ಜಲ 3 ಮೀಟರ್ ಕೆಳಗಿದೆ ಎನ್ನಿ. 30 ಮೀಟರ್ ಆಳದಲ್ಲಿ ನೆಲದೊಳಗಿನ ನೀರು 27 ಮೀಟರ್ ಎತ್ತರದ ಒತ್ತಡದಿಂದ ಒಳಕ್ಕೆ ತಳ್ಳುತ್ತಿರುತ್ತದೆ, ಅಂದರೆ ಸುಮಾರು 265 ಕಿಲೋಪಾಸ್ಕಲ್. ತೂತಿನ ಬಾಯಿವರೆಗೆ 1.05 ಸಾಂದ್ರತೆಯ ಮಡ್ ತುಂಬಿದ್ದರೆ ಅದೇ ಆಳದಲ್ಲಿ ಅದು ಹೊರಕ್ಕೆ ತಳ್ಳುವುದು ಸುಮಾರು 309. ಈ 44 ಕಿಲೋಪಾಸ್ಕಲ್ ಮೇಲುಗೈಯೇ ಮರಳನ್ನು ಹಿಡಿದಿಡುವುದು. ಇಲ್ಲಿ ಗಮನಿಸಿ: ಮಡ್‌ನ ಭಾರದಿಂದ ಬಂದದ್ದು ಇದರಲ್ಲಿ ಮೂರನೆಯ ಒಂದು ಪಾಲು ಮಾತ್ರ, ಉಳಿದದ್ದು ಮಟ್ಟ ಮೂರು ಮೀಟರ್ ಮೇಲಿರುವುದರಿಂದ ಬಂದದ್ದು. ಹಾಗಾಗಿ ಊಟಕ್ಕೆ ಹೋದಾಗ ತೂತಿನ ಮಟ್ಟ ಇಳಿದರೆ ಎಷ್ಟು ಚೀಲ ಸುರಿದಿದ್ದರೂ ಪ್ರಯೋಜನವಿಲ್ಲ.

ಮರಳಿನ ಸಂದಿಯಲ್ಲಿ ಮಡ್ ಸೋರಿಹೋಗುತ್ತಿದ್ದರೆ ಆ ಒತ್ತಡ ಗೋಡೆಗೆ ತಾಗುವುದಿಲ್ಲ. ಬೆಂಟೋನೈಟ್ ಬೇಕಾಗುವುದು ಇಲ್ಲಿಗೆ. ನೀರು ಸ್ವಲ್ಪ ಒಳಗೆ ಹೋಗುತ್ತಲೇ ಜೇಡಿಯ ತೆಳು ಹಾಳೆಗಳು ಗೋಡೆಗೆ ಒಂದರ ಮೇಲೊಂದು ಅಂಟಿ ನೀರು ದಾಟದ ಪೊರೆಯಾಗುತ್ತವೆ. ಕೇಕ್ ಎಂದು ಕರೆಯುವ ಈ ಪೊರೆ ಒಂದೂವರೆ-ಎರಡು ಮಿ.ಮೀ. ದಾಟಬಾರದು. ದಪ್ಪ ಕೇಕ್ ರಾಡನ್ನು ಹಿಡಿಯುತ್ತದೆ, ಕೊನೆಗೆ ಬಾವಿಗೆ ಬರಬೇಕಾದ ನೀರಿಗೂ ಅಡ್ಡ ನಿಲ್ಲುತ್ತದೆ.

ಮೊದಲು ಲೆಕ್ಕ, ಆಮೇಲೆ ಗುದ್ದಲಿ

300 ಮಿ.ಮೀ. ಅಗಲದ ತೂತಿಗೆ ಪ್ರತಿ ಮೀಟರ್‌ಗೆ ಸುಮಾರು 71 ಲೀಟರ್ ಹಿಡಿಯುತ್ತದೆ. 60 ಮೀಟರ್‌ಗೆ 4,240 ಲೀಟರ್. ಹೊಂಡಗಳಲ್ಲಿ ಇದರ ಒಂದೂವರೆ ಪಟ್ಟಾದರೂ ಮಡ್ ಇರಬೇಕು. ಜಾಗವಿದ್ದರೆ ಎರಡು ಪಟ್ಟು ಇನ್ನೂ ಒಳ್ಳೆಯದು.

ಎರಡು ಹೊಂಡ ತೋಡಿ. ಮೊದಲನೆಯದು ಪುಡಿ ಇಳಿಯುವ ಹೊಂಡ: 2.5 ಮೀಟರ್ ಉದ್ದ, 1.25 ಅಗಲ, 1.2 ಆಳ. ಎರಡನೆಯದು ಪಂಪ್ ಹೀರುವ ಹೊಂಡ: 2.5 ಉದ್ದ, 1.5 ಅಗಲ, 1.2 ಆಳ. ಮೇಲೆ 20 ಸೆಂ.ಮೀ. ಖಾಲಿ ಬಿಟ್ಟು ತುಂಬಿಸಿದರೆ ಎರಡರಲ್ಲೂ ಸೇರಿ ಸುಮಾರು 6,900 ಲೀಟರ್ ಆಗುತ್ತದೆ. ತೂತಿನಿಂದ ಮೊದಲ ಹೊಂಡಕ್ಕೆ ಒಂದಡಿ ಅಗಲದ ಕಾಲುವೆ, ಅಲ್ಲಿಂದ ಎರಡನೆಯದಕ್ಕೆ ಇನ್ನೊಂದು. ಕಾಲುವೆಗೆ ಇಳಿಜಾರು ತೀರಾ ಕಡಿಮೆ ಇರಲಿ, ನಡುವೆ ಒಂದು ತಿರುವೂ ಇರಲಿ. ಮಡ್ ನಿಧಾನವಾದಷ್ಟೂ ಮರಳು ಕೆಳಗುಳಿಯುತ್ತದೆ. ಮೊದಲ ಹೊಂಡದ ಒಳಬಾಯಿಯೂ ಹೊರಬಾಯಿಯೂ ಎದುರುಬದುರು ನೇರ ಇರಬಾರದು. ಹಾಗಿದ್ದರೆ ಮಡ್ ಮೇಲಿಂದ ಮೇಲೆ ಹಾದುಹೋಗುತ್ತದೆ, ಹೊಂಡ ಇದ್ದೂ ಇಲ್ಲದಂತೆ.

ಮರಳು ನೆಲದಲ್ಲಿ ಹೊಂಡವೇ ಮಡ್ ಕುಡಿಯುತ್ತದೆ. ಟಾರ್ಪಾಲಿನ್ ಹಾಸಿ, ಅಂಚಿಗೆ ಮಣ್ಣು ಹೇರಿ. ಪಂಪ್‌ನ ಫುಟ್‌ವಾಲ್ವ್ ತಳದಲ್ಲಿ ಬಿದ್ದಿರಬಾರದು. ಹಗ್ಗ ಕಟ್ಟಿ ತಳದಿಂದ ಒಂದಡಿ ಮೇಲೆ ತೂಗುಬಿಡಿ. ಇದನ್ನು ಬಿಟ್ಟವರ ಪಂಪ್ ಲೈನರ್, ಪಿಸ್ಟನ್ ರಬ್ಬರ್ ಎಷ್ಟು ಬೇಗ ಸವೆಯುತ್ತವೆ ಎಂದು ಬಿಡಿಭಾಗದ ಅಂಗಡಿಯವರನ್ನು ಕೇಳಿ.

ಹೊಂಡ ತೋಡಿದ ಕ್ಷಣದಿಂದ ಸುತ್ತ ಬೇಲಿ ಇರಲಿ. ಮಡ್ ತುಂಬಿದ ಹೊಂಡದ ಆಳ ಮೇಲಿಂದ ಗೊತ್ತಾಗುವುದಿಲ್ಲ, ಮಕ್ಕಳಿಗೂ ಕರುಗಳಿಗೂ ಅದು ಬರೀ ಕೆಸರು.

ಪಂಪ್ ಲೆಕ್ಕವನ್ನೂ ಈಗಲೇ ಮುಗಿಸಿ. ಪುಡಿ ಮೇಲೆ ಬರಲು ತೂತಿನೊಳಗೆ ಮಡ್ ಸೆಕೆಂಡಿಗೆ ಅರ್ಧ ಮೀಟರ್‌ನಷ್ಟು ಏರಬೇಕು. ಮೊದಲು 150 ಮಿ.ಮೀ. ಪೈಲಟ್ ತೂತನ್ನು 73 ಮಿ.ಮೀ. ರಾಡ್‌ನಿಂದ ಕೊರೆದರೆ ಇದಕ್ಕೆ ನಿಮಿಷಕ್ಕೆ 400 ಲೀಟರ್ ಸಾಕು. ಅದೇ ತೂತನ್ನು 300ಕ್ಕೆ ಅಗಲ ಮಾಡುವಾಗ 2,000 ಲೀಟರ್ ಬೇಕು! ಚಿಕ್ಕ ರಿಗ್‌ಗಳ ಪಂಪ್‌ಗೆ ಅಷ್ಟು ತಾಕತ್ತಿರುವುದಿಲ್ಲ. 800 ಲೀಟರ್ ಪಂಪ್ ಇದ್ದರೆ ವೇಗ ಸೆಕೆಂಡಿಗೆ 20 ಸೆಂ.ಮೀ.ಗೆ ಇಳಿಯುತ್ತದೆ. ಕಡಿಮೆಯಾದ ವೇಗಕ್ಕೆ ಬದಲಾಗಿ ಮಡ್‌ನ ದಪ್ಪ ಏರಿಸಬೇಕಾಗುವುದು ಈ ಹಂತದಲ್ಲಿ, ಪೈಲಟ್ ಹಂತದಲ್ಲಿ ಅಲ್ಲ. ಮೊದಲ ದಿನವೇ ದಪ್ಪ ಮಡ್ ಕಲಸಿಟ್ಟರೆ ಪುಡಿ ಹೊಂಡದಲ್ಲಿ ಇಳಿಯದೆ ಮತ್ತೆ ಮತ್ತೆ ತೂತಿಗೇ ಹೋಗುತ್ತದೆ.

ನೀರು

ಟ್ಯಾಂಕರ್ ಬಂದು ನಿಂತ ಕೂಡಲೇ ಹೊಂಡಕ್ಕೆ ಬಿಡಬೇಡಿ. ಒಂದು ಲೋಟ ನೀರು ತೆಗೆದು ಪಿಎಚ್ ಪಟ್ಟಿ, ಗಡಸುತನದ ಪಟ್ಟಿ ಎರಡನ್ನೂ ಅದ್ದಿ ನೋಡಿ. ಮೀನಿನ ತೊಟ್ಟಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲೂ ಇವು ಸಿಗುತ್ತವೆ, ಬೆಲೆ ಒಂದು ಚೀಲ ಬೆಂಟೋನೈಟ್‌ಗಿಂತ ಕಡಿಮೆ.

ಬೆಂಟೋನೈಟ್ ಉಬ್ಬುವುದು ಅದರ ಹಾಳೆಗಳ ನಡುವೆ ಇರುವ ಸೋಡಿಯಂನಿಂದ. ಗಡಸು ನೀರಿನ ಕ್ಯಾಲ್ಸಿಯಂ ಸೋಡಿಯಂ ಜಾಗಕ್ಕೆ ಹೋಗಿ ಕೂತರೆ ಹಾಳೆಗಳು ಬಿಚ್ಚಿಕೊಳ್ಳುವುದಿಲ್ಲ. ಅದೇ ಚೀಲ, ಅದೇ ಪ್ರಮಾಣ, ಆದರೆ ಮಡ್ ನೀರುನೀರು. ಆಗ ಡ್ರಿಲ್ಲರ್ ಇನ್ನೆರಡು ಚೀಲ ಸುರಿಯುತ್ತಾನೆ. ಭಾರ ಏರುತ್ತದೆ, ಗುಣ ಏರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ., ಬೇರೆ ಮೂಲವಿಲ್ಲದಿದ್ದರೆ 600. ಅಂದರೆ ಕುಡಿಯಲು ಒಪ್ಪಿಗೆಯಾದ ನೀರೂ ಮಡ್‌ಗೆ ಒಗ್ಗದಿರಬಹುದು.

ಮದ್ದು ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್. ಇದು ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸುತ್ತದೆ, ಪಿಎಚ್ ಏರಿಸುತ್ತದೆ. ಲೀಟರಿಗೆ 100 ಮಿ.ಗ್ರಾಂ. ಗಡಸುತನಕ್ಕೆ ಸಾವಿರ ಲೀಟರಿಗೆ 106 ಗ್ರಾಂ ಬೇಕು. ಗಡಸುತನ 300 ಇದ್ದರೆ ಸುಮಾರು 320 ಗ್ರಾಂ, ಪಿಎಚ್ ಏರಲು ಸ್ವಲ್ಪ ಹೆಚ್ಚು ಸೇರಿಸಿ ಅರ್ಧ ಕಿಲೋ. ನಮ್ಮ 6,900 ಲೀಟರಿಗೆ ಮೂರೂವರೆ ಕಿಲೋ ಆಯಿತು. ಒಂದು ಬಕೆಟ್ ನೀರಲ್ಲಿ ಕರಗಿಸಿ ಹೊಂಡಕ್ಕೆ ಹಾಕಿ, ಹದಿನೈದು ನಿಮಿಷ ಪಂಪ್ ತಿರುಗಿಸಿ, ಮತ್ತೆ ಪಟ್ಟಿ ಅದ್ದಿ. ಪಿಎಚ್ 8.5ರಿಂದ 9.5ರ ನಡುವೆ ನಿಲ್ಲಬೇಕು. ಹತ್ತು ದಾಟಿಸಬೇಡಿ. ಅತಿಯಾದ ಸೋಡಾ ಕೂಡ ಉಪ್ಪಿನ ಕೆಲಸವನ್ನೇ ಮಾಡಿ ಮಡ್ ಒಡೆಸುತ್ತದೆ.

ಅಂಗಡಿಯಲ್ಲಿ ‘ಸೋಡಾ’ ಎಂದಷ್ಟೇ ಕೇಳಿದರೆ ಏನೇನೋ ಕೊಡುತ್ತಾರೆ. ಅಡುಗೆ ಸೋಡಾ ಬೇರೆ. ಕಾಸ್ಟಿಕ್ ಸೋಡಾ ಬೇರೆ, ಕೈ ಸುಡುತ್ತದೆ. ಬಟ್ಟೆ ಒಗೆಯುವ ಹರಳು ಸೋಡಾ ವಸ್ತು ಅದೇ ಆದರೂ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಅದು ಮಾತ್ರ ಸಿಕ್ಕರೆ ಮೇಲಿನ ಪ್ರಮಾಣವನ್ನು 2.7ರಿಂದ ಗುಣಿಸಿ.

ಉಳಿದ ಎರಡು ಮಾತು. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಒಂದು ದಿನ ಬಿಸಿಲಿಗೆ ಬಿಟ್ಟು ಬಳಸಿ, ಮಡ್‌ನ ಗುಣ ಹೆಚ್ಚಿಸಲು ಬೆರೆಸುವ ಪಾಲಿಮರ್ ಎಂಬ ಉದ್ದ ಸರಪಳಿಯ ರಾಸಾಯನಿಕವನ್ನು ಕ್ಲೋರಿನ್ ಕತ್ತರಿಸಿ ಹಾಕುತ್ತದೆ. ಹಳ್ಳದ, ಕೆರೆಯ ನೀರು ಬೇಡ. ಅದರಲ್ಲಿನ ಸೂಕ್ಷ್ಮಜೀವಿಗಳನ್ನು ನೀವೇ ಅಂತರ್ಜಲಕ್ಕೆ ಇಳಿಸಿದಂತಾಗುತ್ತದೆ.

ಚೀಲದೊಳಗೆ ಏನಿದೆ

ನಮ್ಮಲ್ಲಿ ಸಿಗುವ ಬೆಂಟೋನೈಟ್ ಹೆಚ್ಚಾಗಿ ಗುಜರಾತಿನ ಕಚ್ಛ್ ಕಡೆಯದು, ಸ್ವಲ್ಪ ರಾಜಸ್ಥಾನದ ಬಾರ್ಮೇರ್‌ನದು. ಮೂಲದಲ್ಲಿ ಜ್ವಾಲಾಮುಖಿಯ ಬೂದಿ ಕೊಳೆತು ಆದ ಜೇಡಿ. ಅಂಗಡಿಯವರು ಹೇಳುವ ‘ಪೈಲಿಂಗ್ ಗ್ರೇಡ್’, ‘ಡ್ರಿಲ್ಲಿಂಗ್ ಗ್ರೇಡ್’ ಮಾತನ್ನು ಪೂರ್ತಿ ನಂಬಬೇಡಿ. ಚೀಲದ ಮೇಲೆ ಎಪಿಐ 13ಎ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾನಕ) ಎಂದಿದ್ದರೆ ಅದಕ್ಕೊಂದು ಅರ್ಥವಿದೆ: 350 ಮಿ.ಲೀ. ನೀರಿಗೆ 22.5 ಗ್ರಾಂ ಬೆರೆಸಿದಾಗ ದಪ್ಪ ಅಳೆಯುವ ವಿಸ್ಕೋಮೀಟರ್ ನಿಮಿಷಕ್ಕೆ 600 ಸುತ್ತಿನಲ್ಲಿ ಕನಿಷ್ಠ 30 ತೋರಿಸಬೇಕು, ಒತ್ತಡದಲ್ಲಿ ಸೋಸಿದಾಗ ಅರ್ಧ ಗಂಟೆಗೆ 15 ಮಿ.ಲೀ.ಗಿಂತ ಹೆಚ್ಚು ನೀರು ಇಳಿಯಬಾರದು. ಪಾಲಿಮರ್ ಬೆರೆಸಿ ಪರೀಕ್ಷೆ ದಾಟಿಸಿದ ಮಾಲೂ ಮಾರುಕಟ್ಟೆಯಲ್ಲಿದೆ. ಕುಡಿಯುವ ನೀರಿನ ಬಾವಿಯಾದರೆ ಏನು ಬೆರೆಸಿದ್ದೀರಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಲಾರಿ ಲೋಡು ಇಳಿಸುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗೆರೆ ಇರುವ 100 ಮಿ.ಲೀ. ಗಾಜಿನ ಜಾಡಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿ. ಒಣಗಿದ 2 ಗ್ರಾಂ ಪುಡಿ ತೂಗಿಕೊಂಡು, ಚಿಟಿಕೆ ಚಿಟಿಕೆಯಾಗಿ ನೀರ ಮೇಲೆ ಉದುರಿಸಿ. ಒಂದು ಚಿಟಿಕೆ ನೆನೆದು ತಳ ಸೇರಿದ ಮೇಲೇ ಇನ್ನೊಂದು, ಅಂದರೆ ಹತ್ತು ನಿಮಿಷಕ್ಕೊಮ್ಮೆ. ಅವಸರ ಮಾಡಿದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಜಾಡಿ ಅಲುಗಾಡಿಸದೆ ಮಾರನೆಯ ದಿನ ನೋಡಿ. ಒಳ್ಳೆ ಸೋಡಿಯಂ ಬೆಂಟೋನೈಟ್ 24ರ ಗೆರೆ ಮುಟ್ಟಿರುತ್ತದೆ ಅಥವಾ ದಾಟಿರುತ್ತದೆ. ತಳದಲ್ಲಿ ಏಳೆಂಟಕ್ಕೇ ನಿಂತಿದ್ದರೆ ಅದು ಕ್ಯಾಲ್ಸಿಯಂ ಜಾತಿ, ಲಾರಿ ವಾಪಸ್ ಕಳಿಸಿ. ನನ್ನ ಒಂದು ಕೆಲಸಕ್ಕೆ ಸರಬರಾಜುದಾರರೊಬ್ಬರು ಮೇಲಿನ ಸಾಲಿನಲ್ಲಿ ಒಳ್ಳೆಯ ಚೀಲ, ಕೆಳಗೆಲ್ಲ ಬೇರೆ ಮಾಲು ಕಳಿಸಿದ್ದರು. ಅಲ್ಲಿಂದ ನಾನು ಕೆಳಸಾಲಿನ ಚೀಲದಿಂದಲೇ ಮಾದರಿ ತೆಗೆಯುವುದು.

ಪ್ರಮಾಣ: ಸಾಧಾರಣ ದೇಶೀ ಮಾಲಾದರೆ ಸಾವಿರ ಲೀಟರಿಗೆ 50 ಕಿಲೋದಿಂದ ಶುರು ಮಾಡಿ, ಉತ್ತಮ ದರ್ಜೆಯದಾದರೆ 30 ಸಾಕು. ಹೊಂಡಕ್ಕೆ 6,900 ಲೀಟರ್, ತೂತು ಆಳವಾದಂತೆ 4,240, ಸೋರಿಕೆಗೆ ಒಂದು ಸಾವಿರ ಎಂದರೆ ಒಟ್ಟು ಸುಮಾರು 12,000 ಲೀಟರ್. 50 ಕಿಲೋ ಚೀಲ ಹನ್ನೆರಡು. ಜೊತೆಗೆ ಮೂರ್ನಾಲ್ಕು ಕೈಯಲ್ಲಿರಲಿ. ಹಲಗೆ ಮೇಲೆ ಇಟ್ಟು ಟಾರ್ಪಾಲಿನ್ ಮುಚ್ಚಿ, ರಾತ್ರಿಯ ಇಬ್ಬನಿಗೂ ಚೀಲ ಗಟ್ಟಿಯಾಗುತ್ತದೆ.

ಜೇಡಿಗೆ ಬದಲು ಸಗಣಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಬಾಂಗ್ಲಾದೇಶ, ಪಶ್ಚಿಮ ಬಂಗಾಳಗಳಲ್ಲಿ ಕೈಯಲ್ಲೇ ಕೊರೆಯುವ ಸಣ್ಣ ಕೊಳವೆಬಾವಿಗಳಿಗೆ ಸಗಣಿ ನೀರು ಬಳಸುವ ರೂಢಿ ಹಳೆಯದು, ಮರಳು ನಿಲ್ಲುವುದೂ ನಿಜ. ಆದರೆ ಕುಡಿಯುವ ನೀರಿನ ಪದರಕ್ಕೆ ಸಗಣಿಯ ಬ್ಯಾಕ್ಟೀರಿಯಾ ಇಳಿಸಿ ಆಮೇಲೆ ಕ್ಲೋರಿನ್ ಹಾಕುವುದರಲ್ಲಿ ಬುದ್ಧಿವಂತಿಕೆ ಇಲ್ಲ. ಹೊಲದ ಜೇಡಿಮಣ್ಣು ಕಲಸಿದರೆ ಭಾರ ಬರುತ್ತದೆ, ತೆಳು ಪೊರೆ ಬರುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ 1901ರ ಜನವರಿಯಲ್ಲಿ ಚಿಮ್ಮಿದ ಸ್ಪಿಂಡಲ್‌ಟಾಪ್ ಎಣ್ಣೆಬಾವಿಯ ಕತೆ ಕೊರೆಯುವವರ ನಡುವೆ ಪ್ರಸಿದ್ಧ. ಮರಳು ಕುಸಿಯುತ್ತಿದ್ದಾಗ ಹ್ಯಾಮಿಲ್ ಸಹೋದರರು ನೀರಿನ ಹೊಂಡದಲ್ಲಿ ದನ ಓಡಾಡಿಸಿ, ಅವು ತುಳಿದೆಬ್ಬಿಸಿದ ರಾಡಿಯನ್ನೇ ಬಾವಿಗೆ ಬಿಟ್ಟರಂತೆ. ಅವರಿಗೆ ಬೇಕಿದ್ದದ್ದು ಎಣ್ಣೆ, ಕುಡಿಯುವ ನೀರಲ್ಲ.

ಕಲಸುವುದು

ಕ್ರಮ ತಪ್ಪಬಾರದು: ಮೊದಲು ಸೋಡಾ ಆಶ್, ಆಮೇಲೆ ಬೆಂಟೋನೈಟ್, ಕಟ್ಟಕಡೆಗೆ ಪಾಲಿಮರ್. ಪಾಲಿಮರ್ ಮೊದಲು ಬಿದ್ದರೆ ನೀರನ್ನೆಲ್ಲ ತಾನೇ ಹಿಡಿದುಕೊಳ್ಳುತ್ತದೆ, ಜೇಡಿಗೆ ನೆನೆಯಲು ಬಿಡುವುದಿಲ್ಲ.

ಚೀಲ ಹರಿದು ಹೊಂಡಕ್ಕೆ ಸುರಿಯುವ ದೃಶ್ಯ ಎಲ್ಲ ಸೈಟ್‌ಗಳಲ್ಲೂ ಇದೆ, ಎಲ್ಲೂ ಇರಬಾರದು. ಕುದಿಯುವ ಎಸರಿಗೆ ರಾಗಿಹಿಟ್ಟನ್ನು ಒಮ್ಮೆಲೇ ಸುರಿದಾಗ ಗಂಟಾಗುವಂತೆಯೇ ಇಲ್ಲೂ ಆಗುವುದು. ತೇಲುವ ಒಂದು ಗಂಟನ್ನು ಹಿಡಿದು ಬೆರಳಿನಿಂದ ಸೀಳಿ ನೋಡಿ. ಹೊರಗೆ ಜಾರುವ ಲೋಳೆ, ಅದರೊಳಗೆ ಗಟ್ಟಿ ಸಿಪ್ಪೆ, ನಡುವೆ ಚೀಲದಲ್ಲಿದ್ದ ಹಾಗೇ ಒಣಪುಡಿ. ಹೊರಗಿನ ಲೋಳೆಯೇ ನೀರು ಒಳಹೋಗದಂತೆ ತಡೆದಿದೆ. ಒಂದು ವಾರ ಬಿಟ್ಟರೂ ಆ ಪುಡಿ ನೆನೆಯುವುದಿಲ್ಲ. ನೀವು ಕೊಟ್ಟ ದುಡ್ಡು ಹಾಗೇ ಗಂಟಿನೊಳಗೆ ಕೂತಿರುತ್ತದೆ.

ಸರಿಯಾದ ವಿಧಾನ ವೆಂಚುರಿ ಹಾಪರ್. ಪಂಪ್‌ನಿಂದ ಬಂದ ನೀರು ಚಿಕ್ಕ ನಾಝಲ್‌ನಲ್ಲಿ ರಭಸವಾಗಿ ನುಗ್ಗುತ್ತದೆ, ಮೇಲಿನ ಆಲಿಕೆಯಿಂದ ಪುಡಿಯನ್ನು ಎಳೆದುಕೊಂಡು ಹೊಡೆದು ಬೆರೆಸುತ್ತದೆ. ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡಿಕೊಡುವಂಥದ್ದು. ಒಂದು 50 ಕಿಲೋ ಚೀಲಕ್ಕೆ ಹತ್ತು ನಿಮಿಷ ತೆಗೆದುಕೊಳ್ಳಿ. ಒಬ್ಬರು ಚೀಲ ಹಿಡಿದು ಸಣ್ಣ ಧಾರೆಯಾಗಿ ಬಿಡಲಿ, ಇನ್ನೊಬ್ಬರು ಹೊರಬೀಳುವ ಕಡೆ ಗಂಟು ಬರುತ್ತಿದೆಯೇ ಎಂದು ಜರಡಿ ಹಿಡಿದು ನೋಡಲಿ. ಗಂಟು ಕಂಡರೆ ಕೈ ನಿಧಾನ ಮಾಡಿ. ಹಾಪರ್ ಇಲ್ಲದಿದ್ದರೆ ಪಂಪ್‌ನ ಹೊರಧಾರೆಯನ್ನು ಹೊಂಡದ ಮೇಲ್ಮೈಗೆ ಓರೆಯಾಗಿ ಬಡಿಯುವಂತೆ ಹಿಡಿದು, ಆ ಸುಳಿಗೆ ಜರಡಿಯಿಂದ ಪುಡಿ ಉದುರಿಸಿ. ನಿಧಾನದ ಕೆಲಸ, ಆದರೆ ಆಗುತ್ತದೆ.

ಪುಡಿ ಎಬ್ಬಿಸುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು, ಎನ್‌95 ಮಾಸ್ಕ್, ಕನ್ನಡಕ ಕೊಡಿ. ಗಾಳಿ ಬೆನ್ನಿಗೆ ಬೀಳುವಂತೆ ನಿಲ್ಲಿಸಿ. ಹೊಂಡದ ಅಂಚಿಗೆ ಒಣಮರಳು ಚೆಲ್ಲಿ, ಒದ್ದೆ ಬೆಂಟೋನೈಟ್ ಮೇಲೆ ಕಾಲಿಟ್ಟವರು ನಿಲ್ಲುವುದಿಲ್ಲ.

ಎಲ್ಲ ಪುಡಿ ಒಳಹೋದ ಮೇಲೆ ಒಂದು ಗಂಟೆ ಪಂಪ್‌ನಲ್ಲಿ ತಿರುಗಿಸಿ, ರಾತ್ರಿಯಿಡೀ ಬಿಡಿ. ಆದ್ದರಿಂದ ಹೊಂಡ, ನೀರು, ಕಲಸುವಿಕೆ ಇವೆಲ್ಲ ಕೊರೆಯುವ ಹಿಂದಿನ ದಿನದ ಕೆಲಸ. ರಿಗ್‌ಗೆ ದಿನಬಾಡಿಗೆ ಓಡುತ್ತಿರುವಾಗ ಮಾಲೀಕರಿಗೆ ಇದನ್ನು ಒಪ್ಪಿಸುವುದು ಕಷ್ಟ. ರಿಗ್ ಬರುವ ಮೊದಲೇ ಒಂದು ಸಣ್ಣ ಡೀಸೆಲ್ ಪಂಪ್ ತಂದು ಕಲಸಿಡುವುದೇ ಉಪಾಯ. ಬೆಳಿಗ್ಗೆ ನೋಡಿದರೆ ಮಡ್ ನಿನ್ನೆಗಿಂತ ದಪ್ಪವಾಗಿ, ಮೇಲ್ಮೈ ನುಣುಪಾಗಿ, ಅಲ್ಲಾಡಿಸದಿದ್ದರೆ ಹೆಪ್ಪಾದಂತೆ ನಿಂತಿರುತ್ತದೆ. ಕೋಲು ಹಾಕಿ ತಿರುಗಿಸಿದ ಕೂಡಲೇ ಸಡಿಲವಾಗುತ್ತದೆ. ಈ ಗುಣವೇ ಬೇಕಾದದ್ದು. ರಾಡ್ ಸೇರಿಸಲು ಪಂಪ್ ನಿಲ್ಲಿಸಿದಾಗ ಪುಡಿ ಇದ್ದಲ್ಲೇ ತೂಗಿಕೊಂಡಿರುವುದು ಇದರಿಂದ. ಮೇಲೆ ತಿಳಿನೀರು ನಿಂತು ಕೆಳಗೆ ಗಷ್ಟು ಇಳಿದಿದ್ದರೆ ನೀರಿನ ಪರೀಕ್ಷೆಗೆ ಮರಳಿ ಹೋಗಿ.

ಅಳತೆ ಇಲ್ಲದೆ ಕೊರೆಯಬೇಡಿ

ಮಡ್‌ನ ದಪ್ಪ ಅಳೆಯಲು ಬೇಕಾದದ್ದು ಮಾರ್ಷ್ ಫನಲ್ ಎಂಬ ಪ್ಲಾಸ್ಟಿಕ್ ಆಲಿಕೆ, ಒಂದು ಮಗ್ಗು, ಮೊಬೈಲ್‌ನ ಸ್ಟಾಪ್‌ವಾಚ್. ಕೆಳತೂತಿಗೆ ಬೆರಳಿಟ್ಟು, ಮೇಲಿನ ಜಾಲರಿಯ ಮೂಲಕ ಜಾಲರಿ ಮುಟ್ಟುವವರೆಗೆ, ಅಂದರೆ 1,500 ಮಿ.ಲೀ. ಮಡ್ ಸುರಿಯಿರಿ. ಬೆರಳು ತೆಗೆದು, ಮಗ್ಗಿನಲ್ಲಿ 946 ಮಿ.ಲೀ. ಆಗುವವರೆಗಿನ ಸೆಕೆಂಡ್ ಎಣಿಸಿ. ಶುದ್ಧ ನೀರಿಗೆ 26 ಸೆಕೆಂಡ್ ಬರಬೇಕು. ಬರದಿದ್ದರೆ ಆಲಿಕೆಯ ಮೂತಿಯಲ್ಲಿ ಒಣಗಿದ ಮಡ್ ಇದೆ, ತೊಳೆಯಿರಿ. ಹೊಂಡದ ತಳದಿಂದಲ್ಲ, ಪಂಪ್ ಹೀರುವ ಜಾಗದಿಂದ ಮಾದರಿ ತೆಗೆಯಿರಿ, ಕೂಡಲೇ ಅಳೆಯಿರಿ. ಐದು ನಿಮಿಷ ಬಕೆಟ್‌ನಲ್ಲಿಟ್ಟು ಅಳೆದರೆ ಅದು ಹೆಪ್ಪಿನ ಅಳತೆ.

ಜೇಡಿ ಪದರದಲ್ಲಿ 32ರಿಂದ 36 ಸೆಕೆಂಡ್ ಸಾಕು. ಸಣ್ಣ, ಮಧ್ಯಮ ಮರಳಿಗೆ 38ರಿಂದ 45. ದಪ್ಪ ಮರಳಿಗೆ 55ರವರೆಗೆ. ಜಲ್ಲಿ ಸಿಕ್ಕರೆ 60 ದಾಟಿಸಬೇಕಾಗಬಹುದು. ಕೆಲಸ ನಡೆಯುತ್ತಿದ್ದರೆ ಆದಷ್ಟು ತೆಳುವಾದದ್ದೇ ಒಳ್ಳೆ ಮಡ್.

ಫನಲ್ ಅರ್ಧ ಸತ್ಯ ಹೇಳುತ್ತದೆ, ಉಳಿದರ್ಧ ತಕ್ಕಡಿಯದು. ಸರಿಯಾಗಿ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಮಡ್ ತುಂಬಿ ತೂಗಿ, ಡಬ್ಬಿಯ ತೂಕ ಕಳೆಯಿರಿ. ಸಾವಿರ ಲೀಟರಿಗೆ 50 ಕಿಲೋ ಬೆಂಟೋನೈಟ್ ಹಾಕಿದ ಹೊಸ ಮಡ್ ಒಂದು ಲೀಟರಿಗೆ 1.03 ಕಿಲೋ ತೂಗುತ್ತದೆ, ಅದಕ್ಕಿಂತ ಹೆಚ್ಚು ತೂಗಲು ಸಾಧ್ಯವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ 1.12 ತೂಗಿದರೆ ಹೆಚ್ಚಾದದ್ದು ಬೆಂಟೋನೈಟ್ ಅಲ್ಲ, ನೆಲದ ಮರಳು ಮತ್ತು ಮಣ್ಣು. ‘ಮಡ್ ಚೆನ್ನಾಗಿ ದಪ್ಪ ಆಗಿದೆ’ ಎಂದು ಡ್ರಿಲ್ಲರ್ ಖುಷಿಪಡುವುದು ಇದನ್ನು ನೋಡಿಯೇ! 1.08 ದಾಟಿದರೆ ಮೊದಲ ಹೊಂಡ ಖಾಲಿ ಮಾಡಿಸಿ, 1.10 ದಾಟಿದರೆ ಅರ್ಧ ಮಡ್ ಎಸೆದು ಹೊಸದು ಸೇರಿಸಿ.

ಮರಳಿನ ಪ್ರಮಾಣಕ್ಕೆ 75 ಮೈಕ್ರಾನ್ ಜರಡಿ ಇರುವ ಕಿಟ್ ಸಿಗುತ್ತದೆ. ಅಳೆದ ಮಡ್‌ಗೆ ನೀರು ಬೆರೆಸಿ ಸೋಸಿ, ಉಳಿದ ಮರಳನ್ನು ಗಾಜಿನ ಕೊಳವೆಗೆ ತೊಳೆದಿಳಿಸಿದರೆ ಶೇಕಡಾ ಎಷ್ಟೆಂದು ಗೆರೆ ತೋರಿಸುತ್ತದೆ. ಎರಡರ ಒಳಗಿರಲಿ. ಗಂಟೆಗೊಮ್ಮೆ ಈ ಮೂರನ್ನೂ ನೋಟ್‌ಬುಕ್ಕಿನಲ್ಲಿ ಆಳದ ಪಕ್ಕ ಬರೆಯಿರಿ.

ಕೊರೆಯುವಾಗ

ರಾಡ್ ಸೇರಿಸುವ ಮೊದಲು ಬಿಟ್ ಸ್ವಲ್ಪ ಮೇಲೆತ್ತಿ ಎರಡು-ಮೂರು ನಿಮಿಷ ಮಡ್ ತಿರುಗಲು ಬಿಡಿ. ಹೊಂಡ ಇಳಿದರೆ ಬರೀ ನೀರು ಸುರಿಯಬೇಡಿ, ಪಕ್ಕದ ಡ್ರಮ್ಮಿನಲ್ಲಿ ನೆನೆಸಿಟ್ಟ ಮಡ್ ಸುರಿಯಿರಿ. ಇದಕ್ಕೊಂದು ಅಪವಾದ ಜೇಡಿ ಪದರ. ಅಲ್ಲಿ ನೆಲವೇ ಮಡ್ ಕಲಸಿಕೊಡುತ್ತದೆ, ಫನಲ್ ತಾನಾಗಿ ಏರುತ್ತದೆ, ಆಗ ನೀರೇ ಸೇರಿಸಬೇಕು. ಬಿಟ್‌ಗೆ ಜೇಡಿ ಮೆತ್ತಿ ಉಂಡೆಯಾಗುತ್ತಿದ್ದರೆ ಪಿಎಸಿ ಇಲ್ಲವೇ ಪಿಎಚ್‌ಪಿಎ ಪಾಲಿಮರ್ ಸ್ವಲ್ಪ ಹಾಕಿ, ಬೆಂಟೋನೈಟ್ ಮಾತ್ರ ಬೇಡ.

ಹಿಂದಿರುಗುವ ಮಡ್ ಒಮ್ಮೆಲೇ ಕಡಿಮೆಯಾದರೆ ಜಲ್ಲಿ ಪದರ ಕುಡಿಯುತ್ತಿದೆ ಎಂದರ್ಥ. ಬಾವಿಗೆ ನೀರು ಕೊಡುವುದು ಅದೇ ಪದರವಾಗಿರಬಹುದು, ಆಳ ಬರೆದಿಟ್ಟುಕೊಳ್ಳಿ. ಬಿಟ್ ಮೂರ್ನಾಲ್ಕು ಮೀಟರ್ ಮೇಲೆತ್ತಿ, ಪಂಪ್ ನಿಧಾನ ಮಾಡಿ, ಡ್ರಮ್ಮಿನಲ್ಲಿ ಎರಡು ಪಟ್ಟು ದಪ್ಪ ಕಲಸಿದ ಮಡ್ ಬಿಟ್ಟು ಅರ್ಧ ಗಂಟೆ ಕಾಯಿರಿ. ಮರದ ಹೊಟ್ಟು, ಭತ್ತದ ಹೊಟ್ಟು ತುರುಕುವವರಿದ್ದಾರೆ. ಸೋರಿಕೆ ನಿಲ್ಲುತ್ತದೆ, ಮುಂದೆ ನೀರು ಬರುವುದೂ ನಿಲ್ಲುತ್ತದೆ, ಒಳಗುಳಿದದ್ದು ಕೊಳೆತು ವಾಸನೆ ಬೇರೆ.

ಇನ್ನೊಂದು ಕಡೆ, ಮಡ್ ತಿರುಗುತ್ತಲೇ ತೂತಿನಿಂದ ಹೆಚ್ಚು ನೀರು ಹೊರಬರುತ್ತಿದ್ದರೆ, ಮಡ್ ತೆಳುವಾಗುತ್ತಿದ್ದರೆ, ಒತ್ತಡವಿರುವ ನೀರಿನ ಪದರ ಸಿಕ್ಕಿದೆ. ರಾಡ್ ಎಳೆಯಬೇಡಿ. ಭಾರ ಹೆಚ್ಚಿಸಿ, ತೂತಿನ ಬಾಯಿಗೆ ಗಿಡ್ಡ ಕೇಸಿಂಗ್ ಎತ್ತರಿಸಿ ಮಡ್ ಮಟ್ಟ ಮೇಲೇರಿಸಿ.

ಕರಾವಳಿಯಲ್ಲಿ ಉಪ್ಪುನೀರಿನ ಪದರ ತಗುಲಿದರೆ ಮಡ್ ಒಡೆಯುತ್ತದೆ: ಮೊದಲು ಗಟ್ಟಿಯಾಗಿ ತರಿತರಿಯಾಗುತ್ತದೆ, ಆಮೇಲೆ ನೀರು ಬೇರೆ, ಮಣ್ಣು ಬೇರೆ. ಉಪ್ಪುನೀರಿನಲ್ಲಿ ಒಣಪುಡಿ ಕಲಸುವ ಪ್ರಯತ್ನ ವ್ಯರ್ಥ. ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿದ ಮಡ್ಡನ್ನೇ ಸೇರಿಸುತ್ತಾ ಹೋಗಬೇಕು, ಪಿಎಸಿ ಜೊತೆಗಿರಬೇಕು. ಉಪ್ಪುನೀರಿಗೆಂದೇ ಅಟಪಲ್ಗೈಟ್ ಎಂಬ ಬೇರೆ ಜೇಡಿ ಇದೆ. ಅದು ದಪ್ಪ ಕೊಡುತ್ತದೆ, ಒಳ್ಳೆ ಪೊರೆ ಕೊಡುವುದಿಲ್ಲ.

ಮೇಲಿನ ಕೇಸಿಂಗ್‌ಗೆ ಸಿಮೆಂಟ್ ಹಾಕಿದ್ದರೆ ಅದನ್ನು ಕೊರೆದು ದಾಟುವಾಗಲೂ ಕ್ಯಾಲ್ಸಿಯಂ ಸೇರಿ ಮಡ್ ಗಡ್ಡೆ ಕಟ್ಟುತ್ತದೆ. ಇಲ್ಲಿ ಪಿಎಚ್ ಆಗಲೇ ಏರಿರುವುದರಿಂದ ಸೋಡಾ ಆಶ್ ಅಲ್ಲ, ಅಡುಗೆ ಸೋಡಾ ಬಳಸಿ.

ಕೇಸಿಂಗ್ ಇಳಿಸಿ ಮಡ್ ಹೊರಗೆ ಹಾಕುವುದು

ಬಹಳ ಬಾವಿಗಳು ಸೋಲುವುದು ಇಲ್ಲಿ. ಆಳ ಮುಟ್ಟಿದ ಮೇಲೆ ರಾಡ್ ತಳದಲ್ಲಿಟ್ಟೇ ಮಡ್ ತಿರುಗಿಸಿ ಪುಡಿಯೆಲ್ಲ ಹೊರಬರಲು ಬಿಡಿ. ನಂತರ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತಾ ಫನಲ್ 30 ಸೆಕೆಂಡ್ ಸುಮಾರಿಗೆ ಇಳಿಸಿ. ಮಟ್ಟ ಮಾತ್ರ ಬಾಯಿಗೆ ಸಮನಾಗಿರಬೇಕು. ರಾಡ್ ಹೊರತೆಗೆಯುವಾಗ ರಾಡ್‌ನಷ್ಟು ಜಾಗ ಖಾಲಿಯಾಗುತ್ತದೆ, ಒಬ್ಬ ಹೆಲ್ಪರ್ ಮಡ್ ಸುರಿಯುತ್ತಲೇ ಇರಲಿ. ಅವಸರದಿಂದ ಎಳೆದರೆ ಬಿಟ್ ಹಿಂದೆ ಗೋಡೆಯೇ ಎಳೆದುಕೊಂಡು ಬರುತ್ತದೆ.

ಕೇಸಿಂಗ್, ಸ್ಲಾಟ್ ಪೈಪ್ (ನೀರು ಒಳಬರಲು ಸೀಳುಗಳಿರುವ ಪೈಪ್) ಎಲ್ಲ ಜೋಡಿಸಿ ಸಿದ್ಧವಿರಲಿ. ಪೈಪ್ ತರಲು ಪೇಟೆಗೆ ಕಳಿಸುವ ಹೊತ್ತು ಇದಲ್ಲ, ತೂತು ಕಾದಷ್ಟೂ ಕೇಕ್ ಗಟ್ಟಿಯಾಗುತ್ತದೆ. ಕೇಸಿಂಗ್ ಇಳಿಸಿ, ತೊಳೆದ ದುಂಡು ಜಲ್ಲಿಯನ್ನು ಸುತ್ತಲೂ ನಿಧಾನವಾಗಿ ತುಂಬಿ, ಅದೇ ದಿನ ಸ್ವಚ್ಛ ಮಾಡಲು ತೊಡಗಿ. ಕಂಪ್ರೆಸರ್‌ನಿಂದ ಬರೀ ಊದಿದರೆ ಸಾಲದು. ಪೈಪಿನೊಳಗೆ ಪಿಸ್ಟನ್‌ನಂತೆ ಮೇಲೆ ಕೆಳಗೆ ಆಡುವ ಸರ್ಜ್ ಬ್ಲಾಕ್‌ನಿಂದ ನೀರನ್ನು ಹೊರಕ್ಕೂ ಒಳಕ್ಕೂ ಆಡಿಸಬೇಕು, ಇಲ್ಲವೇ ಸ್ಲಾಟ್ ಎದುರಿಗೆ ಜೆಟ್ ಹಾಯಿಸಬೇಕು. ಒಂದೊಂದು ಸ್ಲಾಟ್ ಪೈಪನ್ನೂ ಬೇರೆ ಬೇರೆಯಾಗಿ, ಮೇಲಿಂದ ಶುರುಮಾಡಿ. ಮೊದಲು ಬೂದುಬಣ್ಣದ ದಪ್ಪ ಮಡ್, ಆಮೇಲೆ ಅದರ ಚಿಂದಿಗಳು, ಆಮೇಲೆ ನುಣುಪು ಮರಳು, ಕೊನೆಗೆ ತಿಳಿನೀರು. ಸ್ವಲ್ಪ ನಿಲ್ಲಿಸಿ ಮತ್ತೆ ಆಡಿಸಿದಾಗ ಪುನಃ ಬೂದು ಬಂದರೆ ಮುಗಿದಿಲ್ಲ.

ಕೇಕ್ ಬಿಡಿಸಲು ಹಿಂದೆ ಹೆಕ್ಸಾಮೆಟಾಫಾಸ್ಫೇಟ್ ಹಾಕುತ್ತಿದ್ದರು. ಜೇಡಿ ಬಿಡುತ್ತದೆ, ಆದರೆ ಉಳಿದ ಫಾಸ್ಫೇಟ್ ಬ್ಯಾಕ್ಟೀರಿಯಾಕ್ಕೆ ಮೇವಾಗುತ್ತದೆ. ಫಾಸ್ಫೇಟ್ ಇಲ್ಲದ ಪಾಲಿಮರ್ ಜೇಡಿಬಿಡಿಸುಕಗಳು ಈಗ ಸಿಗುತ್ತವೆ, ಅವನ್ನೇ ತರಿಸಿ. ಕೊನೆಯದು ಕ್ಲೋರಿನ್: ಬಾವಿಯೊಳಗೆ ನಿಂತ ನೀರು ಸಾವಿರ ಲೀಟರಿಗೆ ಶೇ. 33ರ ಬ್ಲೀಚಿಂಗ್ ಪುಡಿ 150 ಗ್ರಾಂ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ಪಂಪ್ ಮಾಡಿ ಹೊರಹಾಕಿ.

ಹೊಂಡ

ಕೆಲಸ ಮುಗಿಸಿ ರಿಗ್ ಹೊರಟಿತೆಂದರೆ ಹೊಂಡ ಯಾರಿಗೂ ಬೇಡ. ತೆರೆದ ಕೊಳವೆಬಾವಿಗಳಿಗೆ ಮಕ್ಕಳು ಬೀಳುವ ಪ್ರಕರಣಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳಲ್ಲಿ ಬಾವಿಗೆ ಮುಚ್ಚಳ ಬೆಸೆಯಬೇಕು, ಸುತ್ತ ಬೇಲಿ ಹಾಕಬೇಕು ಎನ್ನುವುದರ ಜೊತೆಗೆ ಮಡ್ ಹೊಂಡ, ಕಾಲುವೆಗಳನ್ನು ಕೆಲಸವಾದ ಮೇಲೆ ತುಂಬಬೇಕು ಎಂಬುದೂ ಇದೆ. ಕರಾರಿನಲ್ಲೇ ಇದನ್ನು ಬರೆಸಿ, ಕೊನೆಯ ಕಂತು ಹೊಂಡ ತುಂಬಿದ ಮೇಲೆ ಕೊಡಿ.

ಮಡ್ಡನ್ನು ತೋಡಿಗೆ, ಚರಂಡಿಗೆ, ಗದ್ದೆಗೆ ಬಿಡಬೇಡಿ. ಗದ್ದೆಯಲ್ಲಿ ಒಣಗಿದರೆ ಮಣ್ಣಿನ ಮೇಲೆ ನೀರು ಇಂಗದ ಗಟ್ಟಿ ಪದರ ನಿಲ್ಲುತ್ತದೆ, ತೋಡಿಗೆ ಬಿಟ್ಟರೆ ಮೀನಿನ ಕಿವಿರಿಗೆ ಅಂಟುತ್ತದೆ. ಮೇಲೆ ನಿಂತ ತಿಳಿನೀರು ತೆಗೆದು, ಉಳಿದದ್ದಕ್ಕೆ ಹೊಂಡ ತೋಡಿದಾಗಿನ ಮಣ್ಣನ್ನೇ ಒಣಗಿಸಿ ಬೆರೆಸಿ, ಟಾರ್ಪಾಲಿನ್ ಎಳೆದು ತೆಗೆದು, ಪದರ ಪದರವಾಗಿ ತುಳಿದು ತುಂಬಿ. ನೆಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ. ಒಳಗಿನ ಬೆಂಟೋನೈಟ್ ಒಣಗಿ ಕುಗ್ಗಿದಾಗ ಆ ಜಾಗ ಹೇಗೂ ಇಳಿಯುತ್ತದೆ. ಮೊದಲ ಮಳೆಯಾದ ಮೇಲೆ ಹೋಗಿ ನೋಡಿ, ತಗ್ಗಾಗಿದ್ದರೆ ಇನ್ನೊಂದು ಟ್ರಾಲಿ ಮಣ್ಣು ಹಾಕಿಸಿ.